ವಿದ್ವತ್ ಬರಹದ ಬಂಧ: ಸಂಶಯಕ್ಕೆ ಕೊಟ್ಟ ಸ್ಥಾನ

ವಿದ್ವತ್ ಬರಹವೆಂದರೆ ಕಠಿಣ ಪದಗಳಿಂದ ತುಂಬಿದ, ಅಡಿಟಿಪ್ಪಣಿಗಳ ಭಾರಕ್ಕೆ ಬಾಗಿದ, ವಿಷಯ ಬಲ್ಲವರಷ್ಟೇ ಮುಟ್ಟಬೇಕಾದ ಬರಹ ಎಂಬ ಭಾವನೆ ಸಾಮಾನ್ಯ ಓದುಗರಲ್ಲಿ ಬೇರೂರಿದೆ. ಇದಕ್ಕೆ ಬರೆಯುವವರ ಭಾಷೆಯೂ ಒಂದಿಷ್ಟು ಕಾರಣವಿರಬಹುದು. ಆದರೆ ಅಂಥ ಬರಹವನ್ನು ಕಟ್ಟುವ ಕ್ರಮ ಯಾವುದು, ಆ ಕ್ರಮ ಹಾಗೇಕಿದೆ ಎಂಬುದನ್ನು ಓದುಗರಿಗೆ ಯಾರೂ ಬಿಡಿಸಿ ಹೇಳದಿರುವುದು ಅದಕ್ಕಿಂತ ದೊಡ್ಡ ಕಾರಣ. ಕಥೆ ಕಾಲದ ಕ್ರಮವನ್ನೋ ಕುತೂಹಲದ ಕ್ರಮವನ್ನೋ ಅನುಸರಿಸುತ್ತದೆ. ಪತ್ರಿಕೆಯ ಸುದ್ದಿ ಮುಖ್ಯವಾದುದನ್ನು ಮೊದಲು ಹೇಳಿ ಉಳಿದುದನ್ನು ಹಿಂದಕ್ಕೆ ಸರಿಸುತ್ತದೆ. ವಿದ್ವತ್ ಬರಹವಾದರೋ ಸುಲಭಕ್ಕೆ ಒಪ್ಪದ ಓದುಗರೊಬ್ಬರನ್ನು ಎದುರಿಗಿಟ್ಟುಕೊಂಡು, ಅವರ ಮನಸ್ಸಿನಲ್ಲಿ ಒಂದಾದ ಮೇಲೊಂದರಂತೆ ಏಳುವ ಸಂಶಯಗಳ ಕ್ರಮದಲ್ಲಿಯೇ ತನ್ನ ಭಾಗಗಳನ್ನು ಜೋಡಿಸಿಕೊಳ್ಳುತ್ತದೆ. ಈ ಪ್ರಶ್ನೆ ಏಕೆ ಬೇಕಿತ್ತು, ಉತ್ತರವನ್ನು ಹುಡುಕಿದ್ದು ಹೇಗೆ, ಕಂಡದ್ದೇನು, ಕಂಡದ್ದಕ್ಕೆ ಈ ಅರ್ಥವೇ ಸರಿ ಎನ್ನಲು ಏನು ಆಧಾರ ಎಂಬ ನಾಲ್ಕು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಂಥ ಜಟಿಲವಾದ ಸಂಶೋಧನ ಲೇಖನದಲ್ಲೂ ದಾರಿ ಕಾಣುತ್ತದೆ.

ಇಂದಿನ ವಿಜ್ಞಾನ ಲೇಖನಗಳಲ್ಲಿ ಈ ನಾಲ್ಕು ಪ್ರಶ್ನೆಗಳಿಗೆ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಶೀರ್ಷಿಕೆಗಳಿವೆ. ಇವುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಈ ಬಂಧವನ್ನು ‘ಇಮ್ರಾಡ್’ ಎಂದು ಕರೆಯುವುದು ರೂಢಿ. ಇದನ್ನು ವಿಜ್ಞಾನದ ಜೊತೆಗೇ ಹುಟ್ಟಿಬಂದ ಸಹಜ ರೂಪವೆಂದು ಭಾವಿಸುವವರು ಬಹಳ. ವಾಸ್ತವದಲ್ಲಿ ವಿದ್ವತ್ ಪತ್ರಿಕೆಗಳ ಚರಿತ್ರೆ 1665ರಲ್ಲಿ, ಪ್ಯಾರಿಸಿನ ‘ಜರ್ನಲ್ ದೆ ಸಾವಾನ್’ ಮತ್ತು ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಹೊರತಂದ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಗಳಿಂದ ಆರಂಭವಾದರೂ, ಆ ಕಾಲದ ಬರಹಗಳಲ್ಲಿ ಇಂಥ ಶೀರ್ಷಿಕೆಗಳು ಇರಲಿಲ್ಲ. ಅವುಗಳಲ್ಲಿ ಹಲವು ಒಬ್ಬ ವಿದ್ವಾಂಸ ಇನ್ನೊಬ್ಬನಿಗೆ ಬರೆದ ಕಾಗದಗಳೇ ಆಗಿದ್ದವು.

ಐಸಾಕ್ ನ್ಯೂಟನ್ ಬೆಳಕು ಮತ್ತು ಬಣ್ಣಗಳ ಕುರಿತು ಬರೆದು 1672ರಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ನಲ್ಲಿ ಅಚ್ಚಾದ ಬರಹ ಇದಕ್ಕೆ ಒಳ್ಳೆಯ ನಿದರ್ಶನ. ಅದು ಓಲ್ಡನ್‌ಬರ್ಗ್‌ಗೆ ಬರೆದ ಪತ್ರದ ರೂಪದಲ್ಲಿದ್ದು, ಪಟ್ಟಕವೊಂದನ್ನು ಕೊಂಡು ತಂದದ್ದು, ಕೋಣೆಯನ್ನು ಕತ್ತಲೆ ಮಾಡಿದ್ದು, ಬಣ್ಣಗಳ ಪಟ್ಟಿ ನಿರೀಕ್ಷಿಸಿದಂತೆ ದುಂಡಗಿರದೆ ಉದ್ದವಾಗಿ ಕಂಡಾಗ ಅಚ್ಚರಿಗೊಂಡದ್ದು, ಹೀಗೆ ನಡೆದ ಸಂಗತಿಗಳನ್ನು ಒಂದರ ಹಿಂದೊಂದು ಹೇಳಿಕೊಂಡು ಹೋಗುತ್ತದೆ. ಆ ನಿರೂಪಣೆಗೆ ರಾಬರ್ಟ್ ಹುಕ್ ಮೊದಲಾದವರಿಂದ ಆಕ್ಷೇಪಗಳ ಸುರಿಮಳೆಯಾಯಿತು, ನ್ಯೂಟನ್ ವರ್ಷಗಟ್ಟಲೆ ಉತ್ತರ ಬರೆಯಬೇಕಾಯಿತು. ಅದೇ ವಿಷಯವನ್ನು ಆತ 1704ರಲ್ಲಿ ‘ಆಪ್ಟಿಕ್ಸ್’ ಎಂಬ ಗ್ರಂಥವಾಗಿ ಪ್ರಕಟಿಸಿದಾಗ ಕಾಗದದ ಕಥನಕ್ರಮ ಸಂಪೂರ್ಣವಾಗಿ ಮಾಯವಾಗಿತ್ತು: ಮೊದಲಿಗೆ ವ್ಯಾಖ್ಯೆಗಳು, ಆಮೇಲೆ ಒಪ್ಪಿತ ಸೂತ್ರಗಳು, ಬಳಿಕ ಒಂದೊಂದೇ ಪ್ರತಿಜ್ಞೆ ಮತ್ತು ಅದನ್ನು ಸಾಧಿಸುವ ಪ್ರಯೋಗಗಳು, ಗ್ರಂಥದ ತುದಿಯಲ್ಲಿ ತನಗೂ ಖಚಿತವಿಲ್ಲದ ವಿಚಾರಗಳನ್ನು ಮುಂದಿನವರು ಪರಿಶೀಲಿಸಲೆಂದು ಪ್ರಶ್ನೆಗಳ ರೂಪದಲ್ಲಿಟ್ಟ ಒಂದು ಭಾಗ. ಒಬ್ಬನೇ ಲೇಖಕ ಒಂದೇ ವಿಷಯವನ್ನು ಎರಡು ಬಂಧಗಳಲ್ಲಿ ಬರೆದದ್ದರಿಂದ, ಆಕ್ಷೇಪಗಳ ಅನುಭವ ಬರಹದ ರಚನೆಯನ್ನು ಎಷ್ಟು ಬದಲಿಸಬಲ್ಲದು ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಾಧಿಸಿದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಬೆರೆತುಹೋಗದಂತೆ ಎರಡಕ್ಕೂ ಬೇರೆ ಬೇರೆ ಜಾಗ ಕೊಟ್ಟಿರುವುದು ಆ ಬದಲಾವಣೆಯ ಅತ್ಯಂತ ಬೆಲೆಯುಳ್ಳ ಅಂಶ.

ನಾಲ್ಕು ಭಾಗಗಳ ಇಂದಿನ ಬಂಧ ಸಾರ್ವತ್ರಿಕವಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಬಹಳ ನಿಧಾನವಾಗಿ. ನಾಲ್ಕು ಪ್ರಮುಖ ವೈದ್ಯಕೀಯ ಪತ್ರಿಕೆಗಳ 1935ರಿಂದ 1985ರ ವರೆಗಿನ ಲೇಖನಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1940ರ ದಶಕದಲ್ಲಿ ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡ ಈ ಕ್ರಮ 1970ರ ದಶಕದಲ್ಲಿ ಶೇ. 80ನ್ನು ದಾಟಿ, 1980ರ ದಶಕದಲ್ಲಿ ಮೂಲ ಸಂಶೋಧನ ಲೇಖನಗಳ ಏಕೈಕ ರೂಪವಾಯಿತು. 1978ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಲೇಖನಗಳಿಗೆ ಸಮಾನ ನಿಯಮಗಳನ್ನು ರೂಪಿಸಿದ್ದೂ ಇದಕ್ಕೆ ಒತ್ತಾಸೆಯಾಯಿತು. ಲೇಖನಗಳ ಸಂಖ್ಯೆ ಬೆಳೆದು, ಯಾರೂ ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಓದಲಾಗದ ಸ್ಥಿತಿ ಬಂದಾಗ, ಬೇಕಾದ ಭಾಗವನ್ನು ಬೇಕಾದ ಜಾಗದಲ್ಲೇ ಹುಡುಕಿಕೊಳ್ಳುವ ಅನುಕೂಲ ಓದುಗರಿಗೆ ಅನಿವಾರ್ಯವಾಯಿತು.

ಈ ನಾಲ್ಕರಲ್ಲಿ ಮೇಲ್ನೋಟಕ್ಕೆ ಅತ್ಯಂತ ಸುಲಭವೆನಿಸಿ, ಬರೆಯಲು ಕೂತಾಗ ಅತ್ಯಂತ ಕಷ್ಟಕೊಡುವುದು ಪೀಠಿಕೆ. ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್ ಅನೇಕ ಕ್ಷೇತ್ರಗಳ ಲೇಖನಗಳ ಪೀಠಿಕೆಗಳನ್ನು ಹೋಲಿಸಿ ನೋಡಿ, ಅವೆಲ್ಲವೂ ಹೆಚ್ಚುಕಡಿಮೆ ಮೂರು ನಡೆಗಳಲ್ಲಿ ಸಾಗುತ್ತವೆ ಎಂದು 1990ರ ತಮ್ಮ ಗ್ರಂಥದಲ್ಲಿ ವಿವರಿಸಿದರು: ಮೊದಲು ವಿಷಯದ ಕ್ಷೇತ್ರವನ್ನು ಗುರುತಿಸಿ ಅಲ್ಲಿ ಈಗಾಗಲೇ ಆಗಿರುವ ಕೆಲಸವನ್ನು ಹೇಳುವುದು, ಆಮೇಲೆ ಆ ಕೆಲಸದಲ್ಲಿ ಉಳಿದಿರುವ ತೆರವನ್ನು ತೋರಿಸುವುದು, ಕೊನೆಗೆ ಆ ತೆರವನ್ನು ಪ್ರಸ್ತುತ ಲೇಖನ ಹೇಗೆ ತುಂಬುತ್ತದೆಂದು ಹೇಳುವುದು. ಎರಡನೆಯ ನಡೆಯೇ ಇದರ ಜೀವ. ಹಿಂದಿನವರ ಹೆಸರುಗಳನ್ನು ಸಾಲಾಗಿ ಪೋಣಿಸಿ, ಅವರು ಬಿಟ್ಟದ್ದೇನು ಎಂಬುದನ್ನು ಹೇಳದೆ ನೇರವಾಗಿ ಮೂರನೆಯದಕ್ಕೆ ಹಾರುವ ಪೀಠಿಕೆ ಎಷ್ಟೇ ದೀರ್ಘವಾಗಿದ್ದರೂ ತನ್ನ ಕೆಲಸವನ್ನು ಮಾಡಿರುವುದಿಲ್ಲ.

ಶೀರ್ಷಿಕೆಗಳಿದ್ದ ಮಾತ್ರಕ್ಕೆ ಬಂಧ ಬರುವುದಿಲ್ಲ, ಇಲ್ಲದ ಮಾತ್ರಕ್ಕೆ ಹೋಗುವುದೂ ಇಲ್ಲ. ಇದಕ್ಕೆ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಅವರು 1928ರ ಫೆಬ್ರವರಿ 16ರಂದು ಕಲ್ಕತ್ತೆಯ ಬೌಬಜಾರ್ ಬೀದಿಯ ವಿಳಾಸದಿಂದ ಬರೆದು, ಅದೇ ವರ್ಷದ ಮಾರ್ಚ್ 31ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪುಟ್ಟ ಪತ್ರಕ್ಕಿಂತ ಉತ್ತಮ ಸಾಕ್ಷ್ಯ ಸಿಗಲಾರದು. ಮುಂದೆ ರಾಮನ್ ಪರಿಣಾಮವೆಂದು ಹೆಸರಾದ ಶೋಧವನ್ನು ಲೋಕಕ್ಕೆ ತಿಳಿಸಿದ ಈ ಪತ್ರದಲ್ಲಿ ಒಂದೂ ಉಪಶೀರ್ಷಿಕೆಯಿಲ್ಲ, ಇರುವುದು ಬೆರಳೆಣಿಕೆಯ ಪ್ಯಾರಾಗಳು. ಆದರೂ ವಾಕ್ಯ ವಾಕ್ಯವೂ ತನ್ನ ಜಾಗವನ್ನು ಅರಿತು ಕೂತಿದೆ. ಆರಂಭದ ವಾಕ್ಯ ಕ್ಷ-ಕಿರಣಗಳ ಚದುರಿಕೆಯಲ್ಲಿ ಭೌತವಿಜ್ಞಾನಿ ಕಾಂಪ್ಟನ್ ಕಂಡ ಎರಡು ಬಗೆಯನ್ನು ನೆನಪಿಸಿ, ಹಾಗಿದ್ದ ಮೇಲೆ ಸಾಮಾನ್ಯ ಬೆಳಕಿನಲ್ಲೂ ಎರಡು ಬಗೆಯ ಚದುರಿಕೆ ಇರಬೇಕಲ್ಲವೇ ಎಂಬ ನಿರೀಕ್ಷೆಯನ್ನು ಮುಂದಿಡುತ್ತದೆ. ಪೀಠಿಕೆಯ ಮೂರು ನಡೆಗಳು ಅಷ್ಟರಲ್ಲೇ ಮುಗಿದವು. ಅಲ್ಲಿಂದ ವಿಧಾನ: ಸೂರ್ಯನ ಬೆಳಕನ್ನು 18 ಸೆಂ.ಮೀ. ಅಗಲದ, 230 ಸೆಂ.ಮೀ. ಸಂಗಮದೂರದ ದೂರದರ್ಶಕ ಮಸೂರದಿಂದ ಒಂದೆಡೆ ಸೇರಿಸಿದ್ದು, ಅದನ್ನು ಎರಡನೆಯ ಮಸೂರದ ಮೂಲಕ ಹಾಯಿಸಿದ್ದು, ನಿರ್ವಾತದಲ್ಲಿ ಮತ್ತೆ ಮತ್ತೆ ಬಟ್ಟಿಯಿಳಿಸಿ ಶುದ್ಧಗೊಳಿಸಿದ ದ್ರವವನ್ನು ಅದರ ದಾರಿಯಲ್ಲಿಟ್ಟದ್ದು.

ಪರೀಕ್ಷೆಯ ತಂತ್ರವನ್ನು ಪತ್ರ ಕೆಲವೇ ಮಾತುಗಳಲ್ಲಿ ಕಣ್ಣಿಗೆ ಕಟ್ಟಿಸುತ್ತದೆ. ಒಳಬರುವ ಬೆಳಕಿನ ದಾರಿಯಲ್ಲಿ ನೀಲಿ-ನೇರಳೆ ಫಿಲ್ಟರನ್ನೂ ಹಳದಿ-ಹಸಿರು ಫಿಲ್ಟರನ್ನೂ ಒಟ್ಟಿಗೆ ಇಟ್ಟರೆ ಒಂದು ಬಿಟ್ಟದ್ದನ್ನು ಇನ್ನೊಂದು ತಡೆದು, ದ್ರವದೊಳಗಿನ ಬೆಳಕಿನ ಜಾಡು ಪೂರ್ತಿ ಅಳಿಸಿಹೋಗುತ್ತದೆ. ಎರಡನೆಯ ಫಿಲ್ಟರನ್ನು ಅಲ್ಲಿಂದ ತೆಗೆದು ದ್ರವ ಮತ್ತು ನೋಡುವವರ ಕಣ್ಣಿನ ನಡುವೆ ಇಟ್ಟಾಗ ಜಾಡು ಮತ್ತೆ ಕಾಣಿಸಿಕೊಂಡರೆ, ದ್ರವದೊಳಗೆ ಚದುರಿದ ಬೆಳಕಿನಲ್ಲಿ ಒಂದು ಪಾಲು ಬಣ್ಣ ಬದಲಿಸಿದೆ ಎಂದೇ ಅರ್ಥ. ಜಾಡು ಕಾಣಿಸಿಕೊಂಡಿತು, ಸುಮಾರು 60 ದ್ರವಗಳಲ್ಲಿ, ಒಂದೂ ತಪ್ಪದಂತೆ. ಇದು ಫಲಿತಾಂಶ. ಆದರೆ ಬೆಳಕಿನ ಬಣ್ಣ ಬದಲಾಗುವ ಇನ್ನೊಂದು ವಿದ್ಯಮಾನ, ಅಂದರೆ ಕೆಲವು ವಸ್ತುಗಳು ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊರಸೂಸುವ ಪ್ರತಿದೀಪ್ತಿ, ಆಗಾಗಲೇ ಎಲ್ಲರಿಗೂ ಗೊತ್ತಿತ್ತು. ಪತ್ರವನ್ನು ಓದುವ ಯಾವ ಭೌತವಿಜ್ಞಾನಿಗೂ ಮೊದಲು ಹೊಳೆಯುವ ಆಕ್ಷೇಪ ಅದೇ. ಅದನ್ನು ಯಾರೋ ಎತ್ತುವವರೆಗೆ ಕಾಯದೆ ಲೇಖಕರೇ ಎತ್ತಿ, ಎರಡು ಕಾರಣ ಕೊಟ್ಟು ನಿರಾಕರಿಸಿದ್ದಾರೆ: ಹೊಸ ಬೆಳಕು ಸಾಮಾನ್ಯ ಚದುರಿಕೆಗೆ ಹೋಲಿಸಿದರೆ ಬಹಳ ಮಂದವಾದದ್ದು ಎಂಬುದು ಒಂದು, ಅದರ ತರಂಗಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಗುಣ, ಅಂದರೆ ಧ್ರುವೀಕರಣ, ಅನೇಕ ಸಂದರ್ಭಗಳಲ್ಲಿ ಸಾಮಾನ್ಯ ಚದುರಿಕೆಯಷ್ಟೇ ಬಲವಾಗಿತ್ತು ಎಂಬುದು ಇನ್ನೊಂದು. ಅನಿಲ ಮತ್ತು ಆವಿಗಳಲ್ಲಿ ಈ ಪರೀಕ್ಷೆ ಎಷ್ಟು ಕಷ್ಟವೆಂಬುದನ್ನೂ ಅವರು ಮುಚ್ಚಿಡಲಿಲ್ಲ.

ಇದೇ ಶೋಧದ ಬಗ್ಗೆ ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣವಾಗಿ ವಿಸ್ತಾರವಾಗಿ ಮಾತನಾಡಿದರು. ಅದು ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಪತ್ರದಲ್ಲಿ ಜಾಗವಿಲ್ಲದ ಸಂಗತಿಗಳಿಗೆ ಅಲ್ಲಿ ಉಪಶೀರ್ಷಿಕೆಗಳೊಡನೆ ಅವಕಾಶ ಸಿಕ್ಕಿದೆ. ಕಲ್ಕತ್ತೆಯ ಪ್ರಯೋಗಾಲಯದಲ್ಲಿ ವರ್ಷಗಳ ಹಿಂದೆಯೇ ಕಂಡಿದ್ದ ಈ ಮಂದ ಬೆಳಕನ್ನು ಮೊದಮೊದಲು ದುರ್ಬಲ ಪ್ರತಿದೀಪ್ತಿಯೆಂದೇ ಭಾವಿಸಲಾಗಿತ್ತು ಎಂಬ ಹಿನ್ನೆಲೆಯೂ ಅಲ್ಲಿಂದ ತಿಳಿಯುತ್ತದೆ. ಪತ್ರದಲ್ಲಿ ಎರಡೇ ಮಾತಿನಲ್ಲಿ ನಿವಾರಣೆಯಾದ ಆಕ್ಷೇಪ ಆ ಪ್ರಯೋಗಾಲಯದ್ದೇ ಹಳೆಯ ಸಂಶಯವಾಗಿತ್ತು. ಹೊರಗಿನವರಿಗಿಂತ ಮೊದಲು ಲೇಖಕರನ್ನೇ ಕಾಡಿದ ಸಂಶಯ ಅದು.

ಎದುರಾಳಿಯ ಮಾತಿಗೆ ಬರಹದೊಳಗೇ ಸ್ಥಾನ ಕೊಡುವ ಈ ಪದ್ಧತಿಯನ್ನು ಭಾರತೀಯ ಶಾಸ್ತ್ರಗ್ರಂಥಗಳು ಬಹು ಹಿಂದೆಯೇ ನಿಯಮವನ್ನಾಗಿ ಮಾಡಿದ್ದವು. ಮೀಮಾಂಸಕರೂ ಅವರನ್ನು ಅನುಸರಿಸಿ ವೇದಾಂತಿಗಳೂ ಒಂದೊಂದು ವಿಚಾರವನ್ನು ‘ಅಧಿಕರಣ’ ಎಂಬ ಘಟಕವಾಗಿ ಕಟ್ಟಿದರು. ವಿಚಾರಕ್ಕೆ ತೆಗೆದುಕೊಂಡ ವಾಕ್ಯ ಅಥವಾ ವಿಷಯ, ಅದರ ಬಗ್ಗೆ ಏಳುವ ಸಂಶಯ, ಎದುರಾಳಿಯ ವಾದವಾದ ಪೂರ್ವಪಕ್ಷ, ಅದನ್ನು ನಿರಾಕರಿಸಿ ನಿಲ್ಲಿಸುವ ಸಿದ್ಧಾಂತ, ಹಿಂದಿನ ಮುಂದಿನ ವಿಚಾರಗಳೊಡನೆ ಇದಕ್ಕಿರುವ ಸಂಬಂಧವನ್ನು ತೋರಿಸುವ ಸಂಗತಿ, ಇವು ಅದರ ಐದು ಅಂಗಗಳು. ಇಲ್ಲಿ ಸಂಶಯ ಲೇಖಕನ ದೌರ್ಬಲ್ಯವಲ್ಲ, ಘಟಕದ ಅಂಗ. ಪೂರ್ವಪಕ್ಷವನ್ನು ದುರ್ಬಲವಾಗಿ ನಿರೂಪಿಸಿದರೆ ಸಿದ್ಧಾಂತವೂ ದುರ್ಬಲವಾಗಿಯೇ ಉಳಿಯುತ್ತದೆ ಎಂಬ ಅರಿವಿನಿಂದ ಒಳ್ಳೆಯ ಭಾಷ್ಯಕಾರರು ಎದುರಾಳಿಗೆ ಅವನೇ ಹೇಳಬಹುದಾದ್ದಕ್ಕಿಂತ ಬಲವಾದ ವಾದವನ್ನು ಒದಗಿಸಿಕೊಟ್ಟದ್ದುಂಟು. ಅನುಬಂಧಚತುಷ್ಟಯವೆಂಬ ಇನ್ನೊಂದು ಕಟ್ಟಳೆ, ಗ್ರಂಥ ಯಾರಿಗಾಗಿ, ಯಾವುದರ ಬಗ್ಗೆ, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಓದಿದವರಿಗೆ ಪ್ರಯೋಜನವೇನು ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಬೇಕೆಂದು ವಿಧಿಸುತ್ತದೆ. ಇಂದಿನ ಪೀಠಿಕೆಗಳಲ್ಲಿ ‘ಯಾರಿಗಾಗಿ’ ಎಂಬ ಪ್ರಶ್ನೆಯೇ ಬಹುತೇಕ ಕಾಣೆಯಾಗಿರುವುದು ವಿಷಾದದ ಸಂಗತಿ.

ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾದದ್ದು. ರಾಜನೀತಿಗಾಗಿ ಅದನ್ನು ಓದುವವರು ಹೆಚ್ಚಾಗಿ ಗಮನಿಸದ ಸಂಗತಿಯೆಂದರೆ, ಆ ಗ್ರಂಥ ತನ್ನ ರಚನೆಯ ಬಗ್ಗೆ ತಾನೇ ಮಾತನಾಡುತ್ತದೆ. ಮೊದಲ ಅಧ್ಯಾಯದಲ್ಲೇ 15 ಅಧಿಕರಣಗಳ ವಿಷಯಸೂಚಿಯಿದೆ. ಇಲ್ಲಿ ಅಧಿಕರಣವೆಂದರೆ ಗ್ರಂಥದ ದೊಡ್ಡ ವಿಭಾಗ. ಕೊನೆಯ ಅಧಿಕರಣ ರಾಜ್ಯದ ವಿಚಾರವನ್ನು ಬಿಟ್ಟು, ಶಾಸ್ತ್ರಗ್ರಂಥವನ್ನು ಕಟ್ಟುವ 32 ‘ತಂತ್ರಯುಕ್ತಿ’ಗಳನ್ನು ಹೆಸರಿಸಿ, ಒಂದೊಂದಕ್ಕೂ ಅರ್ಥಶಾಸ್ತ್ರದಿಂದಲೇ ಉದಾಹರಣೆ ಕೊಡುತ್ತದೆ. ಬೇರೆಯವರ ಮತವನ್ನು ಅವರದೆಂದು ಹೇಳಿ ಎತ್ತಿಕೊಳ್ಳುವುದು ಅಪದೇಶ, ಲೇಖಕ ತನ್ನ ಶಾಸ್ತ್ರಕ್ಕೆಂದೇ ಪಾರಿಭಾಷಿಕ ಪದವನ್ನು ರೂಪಿಸಿಕೊಳ್ಳುವುದು ಸ್ವಸಂಜ್ಞೆ, ಇದನ್ನು ಮುಂದೆ ಹೇಳಲಾಗುವುದು ಎನ್ನುವುದು ಅನಾಗತಾವೇಕ್ಷಣ, ಹಿಂದೆ ಹೇಳಿಯಾಗಿದೆ ಎನ್ನುವುದು ಅತಿಕ್ರಾಂತಾವೇಕ್ಷಣ. ಪೂರ್ವಪಕ್ಷ, ಉತ್ತರಪಕ್ಷಗಳೂ ಆ ಪಟ್ಟಿಯಲ್ಲಿವೆ. ಸುಶ್ರುತಸಂಹಿತೆ 32, ಚರಕಸಂಹಿತೆ 36 ತಂತ್ರಯುಕ್ತಿಗಳನ್ನು ಹೇಳುವುದರಿಂದ, ಇದು ಒಬ್ಬ ಲೇಖಕನ ಹವ್ಯಾಸವಾಗಿರದೆ ವೈದ್ಯ, ರಾಜನೀತಿಗಳಂಥ ದೂರದೂರದ ಶಾಸ್ತ್ರಗಳು ಹಂಚಿಕೊಂಡಿದ್ದ ಬರವಣಿಗೆಯ ಶಿಸ್ತಾಗಿತ್ತೆಂದು ತಿಳಿಯುತ್ತದೆ.

ಕನ್ನಡದಲ್ಲಿ ಈ ಶಿಸ್ತಿನ ಅತ್ಯುತ್ತಮ ಫಲ ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’. ಹಳಗನ್ನಡದ ವ್ಯಾಕರಣವಾದ ಇದು ಸಂಧಿಯಿಂದ ತೊಡಗಿ ಅವ್ಯಯದವರೆಗೆ ಎಂಟು ಪ್ರಕರಣಗಳಲ್ಲಿ ಹರಡಿಕೊಂಡಿದ್ದು, ಪ್ರತಿಯೊಂದು ನಿಯಮವೂ ಮೂರು ಹಂತಗಳಲ್ಲಿ ಬರುತ್ತದೆ: ಕಂದಪದ್ಯದಲ್ಲಿ ಅಡಕವಾದ ಸೂತ್ರ, ಅದನ್ನು ಗದ್ಯದಲ್ಲಿ ಬಿಡಿಸುವ ವೃತ್ತಿ, ನಿಯಮ ನಿಜವಾಗಿಯೂ ಬಳಕೆಯಲ್ಲಿದೆಯೆಂದು ತೋರಿಸುವ ಪ್ರಯೋಗ, ಅಂದರೆ ಉದಾಹರಣೆ. ನಿಯಮ, ವಿವರಣೆ, ಸಾಕ್ಷ್ಯ ಎಂಬ ಈ ಮೂರು ಒಂದರೊಳಗೊಂದು ಕಲಸಿಹೋಗದಿರುವುದರಿಂದ, ಏಳೂವರೆ ಶತಮಾನಗಳ ಬಳಿಕವೂ ಕೇಶಿರಾಜನ ಸೂತ್ರವನ್ನು ಒಪ್ಪದವರು ಅವನ ಪ್ರಯೋಗಗಳನ್ನೇ ಹಿಡಿದು ಅವನೊಡನೆ ವಾದ ಮಾಡಲು ಸಾಧ್ಯವಾಗಿದೆ. ತನಗೆ ಆಧಾರವಾದ ಕವಿಗಳನ್ನು ಅವನು ಪೀಠಿಕೆಯಲ್ಲಿ ಹೆಸರಿಸುತ್ತಾನೆ. ಅವರಲ್ಲಿ ಗಜಗ, ಅಸಗರಂಥವರ ಕನ್ನಡ ಕೃತಿಗಳು ಇಂದು ಉಳಿದಿಲ್ಲ. ತನ್ನ ಮಾತಿಗೆ ಆಧಾರ ಕೊಡಬೇಕೆಂಬ ವ್ಯಾಕರಣಕಾರನ ಹೊಣೆಗಾರಿಕೆ ಹೀಗೆ ಸಾಹಿತ್ಯಚರಿತ್ರೆಗೂ ಆಕರವಾಯಿತು.

ಮಾನವಿಕ ವಿಷಯಗಳಲ್ಲಿ, ಅಂದರೆ ಚರಿತ್ರೆ, ಸಾಹಿತ್ಯ, ಭಾಷೆ ಮೊದಲಾದವುಗಳಲ್ಲಿ, ಪ್ರಯೋಗಾಲಯವಿಲ್ಲದ ಕಾರಣ ವಿಧಾನವೆಂಬ ಪ್ರತ್ಯೇಕ ಭಾಗ ಅಪರೂಪ. ಅದರ ಕೆಲಸವನ್ನು ಅಡಿಟಿಪ್ಪಣಿ ಮಾಡುತ್ತದೆ. ಎಡ್ವರ್ಡ್ ಗಿಬ್ಬನ್ನನ ರೋಮನ್ ಸಾಮ್ರಾಜ್ಯದ ಅವನತಿಯ ಚರಿತ್ರೆಯ ಮೊದಲ ಸಂಪುಟ 1776ರಲ್ಲಿ ಬಂದಾಗ ಟಿಪ್ಪಣಿಗಳೆಲ್ಲ ಪುಸ್ತಕದ ಕೊನೆಯಲ್ಲಿದ್ದವು. ಪ್ರತಿ ಸಲವೂ ಹಿಂದಕ್ಕೆ ಮಗುಚಿ ನೋಡುವ ತೊಂದರೆಯನ್ನು ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಮುದ್ರಕರ ಗಮನಕ್ಕೆ ತಂದ ಮೇಲೆ ಅವು ಪುಟದ ಅಡಿಗೆ ಬಂದವು. ಹಳೆಯ ಕಾವ್ಯಗಳ ಶಾಸ್ತ್ರೀಯ ಪರಿಷ್ಕರಣದಲ್ಲಿ ಪುಟದ ಅಡಿಭಾಗದ ಮಹತ್ವ ಇನ್ನೂ ಹೆಚ್ಚು. ಡಿ.ಎಲ್. ನರಸಿಂಹಾಚಾರ್ಯರು ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ವಿವರವಾಗಿ ನಿರೂಪಿಸಿದ ಈ ಶಾಸ್ತ್ರದಲ್ಲಿ, ಸಂಪಾದಕರು ಒಪ್ಪಿದ ಪಾಠ ಮೇಲಿದ್ದರೆ, ಒಪ್ಪದೆ ಬಿಟ್ಟ ಪಾಠಾಂತರಗಳು ಯಾವ ಹಸ್ತಪ್ರತಿಯಲ್ಲಿವೆಯೆಂಬ ಗುರುತಿನೊಂದಿಗೆ ಕೆಳಗೆ ಸಣ್ಣ ಅಕ್ಷರಗಳಲ್ಲಿರುತ್ತವೆ. ಸಂಪಾದಕರ ಆಯ್ಕೆ ತಪ್ಪೆಂದು ಕಂಡವರು ಓಲೆಗರಿಗಳನ್ನು ಮತ್ತೆ ಹುಡುಕಿಕೊಂಡು ಹೋಗದೆ, ಅದೇ ಪುಟದ ಅಡಿಯಿಂದ ಇನ್ನೊಂದು ಪಾಠವನ್ನು ಎತ್ತಿ ಮೇಲಿಟ್ಟು ಓದಬಹುದು. ತನ್ನನ್ನು ತಿದ್ದಲು ಬೇಕಾದ ಸಾಮಗ್ರಿಯನ್ನು ತಾನೇ ಓದುಗರ ಕೈಗೆ ಕೊಡುವ ಇಂಥ ಪುಟಕ್ಕಿಂತ ಪ್ರಾಮಾಣಿಕವಾದ ವಿನ್ಯಾಸ ವಿದ್ವತ್ ಲೋಕದಲ್ಲಿ ಇನ್ನೊಂದಿಲ್ಲ.

ಈ ಬಂಧಗಳ ಬಗ್ಗೆ ಗಂಭೀರವಾದ ಟೀಕೆಯೂ ಇದೆ. ನೊಬೆಲ್ ಪುರಸ್ಕೃತ ಜೀವವಿಜ್ಞಾನಿ ಪೀಟರ್ ಮೆಡವಾರ್ 1963ರ ಬಿಬಿಸಿ ಭಾಷಣವೊಂದರಲ್ಲಿ, ವಿಜ್ಞಾನ ಲೇಖನವೇ ಒಂದು ವಂಚನೆಯಲ್ಲವೇ ಎಂದು ಕೇಳಿದರು. ಲೇಖನದಲ್ಲಿರುವುದು ಸುಳ್ಳೆಂಬುದು ಅವರ ಆಪಾದನೆಯಲ್ಲ. ಮುನ್ನಂದಾಜು ಏನೂ ಇಲ್ಲದೆ ವಿಜ್ಞಾನಿ ಸಂಗತಿಗಳನ್ನು ಕಲೆಹಾಕಿದ, ತೀರ್ಮಾನ ಅವುಗಳಿಂದ ತಾನಾಗಿ ಮೂಡಿತು ಎಂಬ ಭ್ರಮೆಯನ್ನು ಆ ರೂಪ ಹುಟ್ಟಿಸುತ್ತದೆ, ನಿಜವಾದ ಶೋಧ ಊಹೆಯಿಂದಲೇ ಹೊರಡುತ್ತದೆ ಎಂಬುದು ಅವರ ಆಕ್ಷೇಪ. ಮಾತು ಸರಿಯೇ. ಆದರೆ ಶೋಧ ನಡೆದ ಬಗೆಯನ್ನು ಚಿತ್ರಿಸುವುದು ವಿದ್ವತ್ ಬರಹದ ಮುಖ್ಯ ಕೆಲಸವಲ್ಲ, ಶೋಧವನ್ನು ಪರೀಕ್ಷಿಸಲು ಅನುವು ಮಾಡಿಕೊಡುವುದೇ ಅದರ ಕೆಲಸ. ರಾಮನ್ ಮತ್ತು ಕೃಷ್ಣನ್ ಮಾಡಿದಂತೆ ಊಹೆಯನ್ನು ಮೊದಲ ವಾಕ್ಯದಲ್ಲೇ ಬಿಚ್ಚಿಟ್ಟರೆ ಎರಡೂ ಉದ್ದೇಶಗಳು ಒಟ್ಟಿಗೆ ಈಡೇರುತ್ತವೆ.

ಬಂಧದ ಉದ್ದೇಶ ಮರೆತು ಅಸ್ಥಿಪಂಜರ ಮಾತ್ರ ಉಳಿದಾಗ ಆಗುವ ಹಾನಿ ಮೆಡವಾರ್ ಹೇಳಿದ್ದಕ್ಕಿಂತ ದೊಡ್ಡದು, ಮತ್ತು ಅದು ಕನ್ನಡದ ಮಹಾಪ್ರಬಂಧಗಳಲ್ಲಿ, ಎಂದರೆ ಪಿಎಚ್.ಡಿ. ಪದವಿಗಾಗಿ ಬರೆಯುವ ದೀರ್ಘ ಬರಹಗಳಲ್ಲಿ, ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಂದು ತಾಲ್ಲೂಕಿನ ಜನಪದ ಗೀತೆಗಳ ಅಧ್ಯಯನ ಆ ತಾಲ್ಲೂಕಿನ ಮಳೆ, ಬೆಳೆ, ಅರಸುಮನೆತನಗಳ ನೂರು ಪುಟಗಳ ಹಿನ್ನೆಲೆಯಿಂದ ಆರಂಭವಾಗಿ, ಮುಂದೆ ಗೀತೆಗಳ ವಿಶ್ಲೇಷಣೆಯಲ್ಲಿ ಆ ನೂರು ಪುಟಗಳ ಒಂದು ಮಾತೂ ಉಪಯೋಗಕ್ಕೆ ಬಾರದೆ ಹೋಗುವುದುಂಟು. ಉಪಸಂಹಾರದಲ್ಲಿ ಅಧ್ಯಾಯಗಳ ಸಾರಾಂಶವಿದ್ದು, ಪೀಠಿಕೆಯಲ್ಲಿ ಎತ್ತಿದ ಪ್ರಶ್ನೆಗೆ ಉತ್ತರವೇ ಇಲ್ಲದಿರುವುದುಂಟು. ಗ್ರಂಥದ ತಾತ್ಪರ್ಯವನ್ನು ಅರಿಯಲು ನಮ್ಮ ಹಿರಿಯರು ಹೇಳಿದ ಆರು ಗುರುತುಗಳಲ್ಲಿ ಮೊದಲನೆಯದು ಉಪಕ್ರಮ ಮತ್ತು ಉಪಸಂಹಾರಗಳ ಹೊಂದಿಕೆ, ಅಂದರೆ ಆರಂಭವೂ ಅಂತ್ಯವೂ ಒಂದೇ ವಿಷಯವನ್ನು ಹೇಳುವುದು. ಅಪೂರ್ವತೆ, ಎಂದರೆ ಬೇರೆಲ್ಲಿಯೂ ದೊರೆಯದ ಹೊಸ ಅರಿವು, ಅವುಗಳಲ್ಲಿ ಇನ್ನೊಂದು. ಈ ಎರಡೇ ಗುರುತುಗಳನ್ನು ಕಟ್ಟುನಿಟ್ಟಾಗಿ ನೋಡಿದರೂ ಎಷ್ಟೋ ಪ್ರಬಂಧಗಳು ಅರ್ಧಕ್ಕೆ ಇಳಿಯುತ್ತವೆ, ಮತ್ತು ಹಾಗೆ ಇಳಿದ ಮೇಲೆಯೇ ಓದಿಸಿಕೊಳ್ಳುತ್ತವೆ.

ತಜ್ಞರಲ್ಲದ ಓದುಗರು ಇಂಥ ಬರಹವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಲೇಬೇಕೆಂದಿಲ್ಲ. ಆರಂಭದ ಸಾರಲೇಖ, ಪೀಠಿಕೆಯ ಕೊನೆಯ ಪ್ಯಾರಾ, ಉಪಸಂಹಾರ, ಇವನ್ನು ಓದಿದರೆ ಬರಹದ ಹೇಳಿಕೆ ತಿಳಿಯುತ್ತದೆ. ಹೇಳಿಕೆಯನ್ನು ನಂಬಬೇಕೇ ಬೇಡವೇ ಎಂಬುದು ತಿಳಿಯುವುದು ವಿಧಾನದ ಭಾಗದಲ್ಲಿ. ಒಂದು ಆಹಾರದಿಂದ ರೋಗ ವಾಸಿಯಾಗುತ್ತದೆಂಬ ಸುದ್ದಿ ಓದಿದವರು ಮೂಲ ಲೇಖನದ ಆ ಭಾಗವನ್ನು ತೆರೆದು, ಪರೀಕ್ಷೆ ಮನುಷ್ಯರ ಮೇಲೆ ನಡೆಯಿತೋ ಇಲಿಗಳ ಮೇಲೋ, ಎಷ್ಟು ಮಂದಿಯ ಮೇಲೆ, ಆ ಆಹಾರ ಸೇವಿಸದವರೊಂದಿಗೆ ಹೋಲಿಸಿದರೋ ಇಲ್ಲವೋ ಎಂದಿಷ್ಟನ್ನೇ ನೋಡಿದರೂ ಸುದ್ದಿಯ ತೂಕ ಗೊತ್ತಾಗುತ್ತದೆ.

ಬರೆಯುವವರನ್ನೂ ಅವರಿಗೆ ಮಾರ್ಗದರ್ಶನ ಮಾಡುವವರನ್ನೂ ಕೇಳಬೇಕಾದದ್ದು ಒಂದೇ. ಕನ್ನಡದಲ್ಲಿ ಸಿದ್ಧವಾಗುವ ಪ್ರತಿಯೊಂದು ಮಹಾಪ್ರಬಂಧವೂ ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಾಕ್ಷ್ಯಕ್ಕೆ, ತನ್ನನ್ನು ಒಪ್ಪದವರ ಅತ್ಯಂತ ಬಲವಾದ ವಾದಕ್ಕೆ, ಒಂದು ಪೂರ್ತಿ ಅಧ್ಯಾಯವನ್ನು ಮೀಸಲಿಡಲಿ. ಪರೀಕ್ಷಕರು ಪುಟಗಳ ಸಂಖ್ಯೆಯನ್ನು ನೋಡುವುದಕ್ಕಿಂತ ಮೊದಲು ಆ ಅಧ್ಯಾಯವನ್ನು ಓದಲಿ.